ಕೀಲಿನ ಸವೆತವೂ ಕರ್ಮವಿಚಾರವೂ

ವಯಸ್ಸಾದವರ ಮೊಣಕಾಲು ಹಿಡಿದುಕೊಂಡಾಗ ಮನೆಯವರ ಬಾಯಲ್ಲಿ ಬರುವ ಮಾತುಗಳು ಸಾಮಾನ್ಯವಾಗಿ ಮೂರು ಬಗೆಯಾಗಿರುತ್ತವೆ. "ವಯಸ್ಸಾಯಿತು, ಏನು ಮಾಡುವುದು" ಎಂಬುದೊಂದು. "ಅವರ ತಾಯಿಗೂ ಹೀಗೆಯೇ ಇತ್ತು, ವಂಶದಲ್ಲಿ ಬಂದದ್ದು" ಎಂಬುದು ಎರಡನೆಯದು. "ಯಾವ ಜನ್ಮದ ಕರ್ಮವೋ, ಅನುಭವಿಸಿಯೇ ತೀರಬೇಕು" ಎಂಬುದು ಮೂರನೆಯದು. ಮೊದಲನೆಯ ಮಾತು ಕಾಲವನ್ನೂ, ಎರಡನೆಯದು ಬೀಜವನ್ನೂ, ಮೂರನೆಯದು ನೊಂದವನನ್ನೇ ಕಾರಣವೆಂದು ಹೇಳುತ್ತದೆ. ಇವನ್ನು ಆಡುವವರು ಕೆಟ್ಟ ಮನಸ್ಸಿನಿಂದ ಆಡುತ್ತಾರೆಂದಲ್ಲ. ಆದರೆ ಮೂರು ಮಾತುಗಳೂ ಹರಿದು ಸೇರುವ ಸ್ಥಳ ಒಂದೇ. ಬೇರೆಯವರು ಮಾಡಬೇಕಾದುದು ಏನೂ ಉಳಿದಿಲ್ಲವೆಂಬುದೇ ಆ ಸ್ಥಳ. ಹಾಗೆ ಸೇರುವುದು ನ್ಯಾಯವೇ ಎಂಬುದು ವಿಚಾರಮಾಡತಕ್ಕ ಪ್ರಶ್ನೆ.

ಈ ಪ್ರಶ್ನೆಯು ಪಂಡಿತರ ಜಗಲಿಗೆ ಮಾತ್ರ ಸೇರಿದುದಲ್ಲ. ರಾಮನಗರ ಕನಕಪುರಗಳಲ್ಲಿ ರೇಷ್ಮೆನೂಲು ಬಿಚ್ಚುವವರು, ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು, ಮಾಗಡಿಯ ರಾಗಿಹೊಲದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಕಳೆ ಕೀಳುವ ಹೆಂಗಸರು, ಕಲ್ಲುಗಣಿಯಲ್ಲಿ ಭಾರ ಎತ್ತುವವರು, ಇವರೆಲ್ಲರ ಜೀವನವೂ ಮೊಣಕಾಲನ್ನೇ ನಂಬಿಕೊಂಡು ನಡೆಯತಕ್ಕದ್ದು. ಕೀಲು ಸವೆದರೆ ಅವರಿಗೆ ಸವೆಯುವುದು ಅನ್ನ. ಆದುದರಿಂದ ಕೀಲನ್ನು ಸವೆಯಿಸುವುದು ಯಾವುದೆಂಬುದನ್ನು ಮೊದಲು ತಿಳಿದು, ಅನಂತರ ತಪ್ಪು ಯಾರದೆಂಬ ವಿಚಾರಕ್ಕೆ ಹೋಗುವುದು ಯುಕ್ತ.

ಸುಶ್ರುತನು ಎಲುಬುಗಳನ್ನು ಐದು ಬಗೆಯಾಗಿ ವಿಭಾಗಿಸಿ, ಮೂಗು ಕಿವಿ ಮೊದಲಾದ ಕಡೆಗಳಲ್ಲಿರುವ ಮೆತ್ತನೆಯ ಎಲುಬಿಗೆ ತರುಣಾಸ್ಥಿಯೆಂದು ಹೆಸರಿಟ್ಟನು. ಈಗಿನ ಪಠ್ಯಪುಸ್ತಕಗಳು ಅದನ್ನು ಮೃದ್ವಸ್ಥಿಯೆನ್ನುತ್ತವೆ. ಕೀಲುಗಳಲ್ಲಿ ಎಲುಬಿನ ತುದಿಗೆ ಹೊದಿಸಿದಂತೆ ಇರುವುದೂ ಇದೇ ಜಾತಿಯ ವಸ್ತು. ಇದರಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಕೊಲಾಜೆನ್ ಎಂಬ ಹುರಿಗಳ ಬಲೆ, ಆ ಬಲೆಯೊಳಗೆ ಸಿಕ್ಕಿಕೊಂಡ ಅಗ್ರೆಕಾನ್ ಎಂಬ ದೊಡ್ಡ ಅಣು, ಅಲ್ಲಲ್ಲಿ ಒಂದೊಂದು ಜೀವಕೋಶ, ಉಳಿದುದೆಲ್ಲ ಹೆಚ್ಚುಪಾಲು ನೀರು, ಇಷ್ಟೇ ಅದರ ಸಾಮಗ್ರಿ. ಅಗ್ರೆಕಾನಿನ ಆಕಾರವು ಸೀಸೆ ತೊಳೆಯುವ ಕುಂಚದಂತೆ ಇರುತ್ತದೆ. ಕುಂಚದ ಎಳೆಗಳು ನೀರನ್ನು ಸೆಳೆದು ಹಿಡಿದುಕೊಂಡಿರುತ್ತವೆ. ಕಾಲನ್ನು ಊರಿದಾಗ ನೀರು ಹಿಂಡಿ ಹೊರಕ್ಕೆ ಸರಿಯುವುದು, ಭಾರ ಇಳಿದಾಗ ಮತ್ತೆ ಒಳಕ್ಕೆ ಬರುವುದು. ಕೀಲಿನಲ್ಲಿ ಶ್ಲೇಷಕ ಕಫವಿದ್ದು ಸಂಧಿಗಳನ್ನು ಹಿಡಿದಿರುತ್ತದೆಂದು ವಾಗ್ಭಟನು ಹೇಳಿರುವುದನ್ನು ಓದಿದವರಿಗೆ ಈ ಮಾತು ಅಪರಿಚಿತವಾಗಿ ತೋರಲಾರದು.

ಈ ಅಗ್ರೆಕಾನನ್ನು ಕತ್ತರಿಸತಕ್ಕ ಕಿಣ್ವವೊಂದುಂಟು. ಕಿಣ್ವವೆಂಬ ಶಬ್ದವು ಹಿಂದೆ ಮದ್ಯವನ್ನು ಹುಳಿಯಿಸುವ ದ್ರವ್ಯಕ್ಕೆ ಸಲ್ಲುತ್ತಿದ್ದುದು. ಚಾರ್ವಾಕರು ದೇಹದಿಂದ ಚೈತನ್ಯ ಹುಟ್ಟುವುದಕ್ಕೆ ದೃಷ್ಟಾಂತವಾಗಿ ಕೊಡುತ್ತಿದ್ದುದು ಅದನ್ನೇ. ಇಂದು ಆ ಶಬ್ದವನ್ನು ಜೀವಿಯ ಒಳಗಣ ರಾಸಾಯನಿಕ ಕ್ರಿಯೆಗಳನ್ನು ತ್ವರೆಗೊಳಿಸುವ ಪ್ರೋಟೀನಿಗೆ ಬಳಸುತ್ತಾರೆ. ಮೃದ್ವಸ್ಥಿಯನ್ನು ಒಡೆಯುವ ಕಿಣ್ವಗಳಲ್ಲಿ ಮುಖ್ಯವಾದೊಂದರ ಹೆಸರು ಅಡಮ್‌ಟಿಎಸ್-5. ಅದನ್ನು ವಿದ್ವಾಂಸರು ಗುರುತಿಸಿದ್ದು 1999ರಲ್ಲಿ. ಅದನ್ನು ತಯಾರಿಸುವ ವಿಧಿಯು ಮನುಷ್ಯನ 21ನೆಯ ವರ್ಣತಂತುವಿನಲ್ಲಿರುವ ಒಂದು ಜೀನಿನಲ್ಲಿ ಅಡಗಿದೆ. ಮೊದಲು ಸಿದ್ಧವಾಗುವಾಗ ಅದು 930 ಅಮೈನೊ ಆಮ್ಲಗಳ ಸರಪಣಿ. ಅದರ ಮುಂಭಾಗವು ಒರೆಯಂತೆ ಕತ್ತಿಯನ್ನು ಮುಚ್ಚಿಕೊಂಡಿರುತ್ತದೆ. ಒರೆಯು ಕಳಚಿದ ಮೇಲೆಯೇ ಕತ್ತಿಗೆ ಕೆಲಸ. ಕತ್ತಿಯ ಮೊನೆಯಲ್ಲಿರುವುದು ಸತುವಿನ ಒಂದು ಕಣ. ಅಗ್ರೆಕಾನಿನ 373ನೆಯ ಮತ್ತು 374ನೆಯ ಅಮೈನೊ ಆಮ್ಲಗಳ ನಡುವೆ ಇದು ಕಡಿದರೆ ಕುಂಚದ ಎಳೆಗಳಿರುವ ಭಾಗವು ಬೇರೆಯಾಗಿ ತೇಲಿಹೋಗುವುದು. ನೀರನ್ನು ಹಿಡಿದಿಡುವ ಶಕ್ತಿಯು ಕುಂದುವುದು. ಬಲೆಯು ಬಡವಾಗುವುದು. ಕ್ರಮೇಣ ಎಲುಬಿಗೆ ಎಲುಬು ತಾಗುವುದು.

ಇಷ್ಟು ಕೇಳಿದ ಕೂಡಲೆ ಯಾರಿಗಾದರೂ ಹುಟ್ಟುವ ಭಾವನೆ ಏನೆಂದರೆ, ಇಂತಹ ಕಿಣ್ವವು ದೇಹದಲ್ಲಿ ಸೇರಿಕೊಂಡ ಶತ್ರು, ಇದನ್ನು ತೆಗೆದುಹಾಕಿದರೆ ಸುಖವುಂಟು ಎಂಬುದು. ಈ ಪೂರ್ವಪಕ್ಷಕ್ಕೆ ಪ್ರಮಾಣವೂ ಇಲ್ಲದೆ ಇಲ್ಲ. 2005ರಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯ ದೇಶಗಳ ಎರಡು ತಂಡದವರು ಈ ಕಿಣ್ವದ ಶಕ್ತಿಯನ್ನು ಇಲಿಗಳಲ್ಲಿ ತೆಗೆದುಹಾಕಿ ಪರೀಕ್ಷಿಸಿ, ಅವುಗಳ ಮೃದ್ವಸ್ಥಿಯು ಬಹುಮಟ್ಟಿಗೆ ಕಾಪಾಡಲ್ಪಟ್ಟಿತೆಂದು ಪ್ರಕಟಿಸಿದರು. ಲೋಕಕ್ಕೆ ದೊಡ್ಡ ಆಶೆ ಹುಟ್ಟಿತು. ಆ ಕಿಣ್ವವನ್ನು ತಡೆಯುವ ಗುಳಿಗೆಯನ್ನು ಮಾಡಿ, ಮೊಣಕಾಲಿನ ಸವೆತವುಳ್ಳ 932 ಮಂದಿಯ ಮೇಲೆ ಒಂದು ವರ್ಷಕಾಲ ಪ್ರಯೋಗಿಸಿ ನೋಡಿದರು. 2020ರಲ್ಲಿ ಹೊರಬಂದ ಫಲಿತಾಂಶವು ನಿರಾಶೆಯದಾಯಿತು. ಗುಳಿಗೆ ತಿಂದವರ ಮೃದ್ವಸ್ಥಿಗೂ ತಿನ್ನದವರ ಮೃದ್ವಸ್ಥಿಗೂ ಗಣನೀಯವಾದ ವ್ಯತ್ಯಾಸವು ಕಾಣಲಿಲ್ಲ. ಮನುಷ್ಯನ ಮೊಣಕಾಲಿನ ಸವೆತವು ಒಬ್ಬನೇ ಕಳ್ಳನ ಕೆಲಸವಲ್ಲವೆಂಬುದು ಇದರಿಂದ ತಿಳಿಯತಕ್ಕದ್ದು.

ಅದಕ್ಕಿಂತಲೂ ವಿಚಾರಾರ್ಹವಾದ ಸಂಗತಿಯು ಇನ್ನೊಂದುಂಟು. ಗರ್ಭದಲ್ಲಿರುವ ಶಿಶುವಿನ ಕೈ ಮೊದಲು ಬೆರಳುಗಳಿಲ್ಲದ ಹುಟ್ಟಿನಂತೆ ಇರುತ್ತದೆ. ಬೆರಳು ಬೆರಳಿನ ನಡುವಣ ಪೊರೆಯು ಕರಗಿದ ಮೇಲೆಯೇ ಅದು ಕೈಯೆನಿಸುವುದು. ಈ ಪೊರೆಯನ್ನು ಕರಗಿಸುವ ಕೆಲಸದಲ್ಲಿ ಅಡಮ್‌ಟಿಎಸ್-5 ಮತ್ತು ಅದರ ದಾಯಾದಿ ಕಿಣ್ವಗಳು ಕೂಡಿ ಪಾಲುಗೊಳ್ಳುತ್ತವೆಂದು 2009ರಲ್ಲಿ ಇಲಿಗಳ ಮೇಲೆ ನಡೆದ ಶೋಧನೆಯಿಂದ ತಿಳಿದುಬಂದಿತು. ಅವು ಕೊರತೆಯಾದ ಮರಿಗಳ ಬೆರಳುಗಳು ಕೂಡಿಕೊಂಡೇ ಉಳಿದವು. ಈ ಒಂದು ಕಿಣ್ವವೇ ಇಲ್ಲದ ಇಲಿಗಳಲ್ಲಿ ಹೃದಯದ ಕವಾಟಗಳು ಅಳತೆಗೆ ಬರದೆ ದಪ್ಪನಾಗಿ ಬೆಳೆದುದನ್ನೂ 2011ರಲ್ಲಿ ಕಂಡರು. ಎಂದಮೇಲೆ ಮುಪ್ಪಿನಲ್ಲಿ ಕೀಲನ್ನು ತಿನ್ನುವುದೆಂದು ಬೈಸಿಕೊಳ್ಳುವ ಕಿಣ್ವವು, ಗರ್ಭದಲ್ಲಿ ಅಂಗಾಂಗಗಳನ್ನು ತಿದ್ದಿ ರೂಪಕ್ಕೆ ತರುವ ಶಿಲ್ಪಿಯ ಉಳಿಯೂ ಆಗಿದೆ. ಕಲ್ಲನ್ನು ಒಡೆಯದ ಉಳಿಯಿಂದ ವಿಗ್ರಹವು ಹೇಗೆ ಆಗುವುದಿಲ್ಲವೋ ಹಾಗೆ, ಒಡೆಯುವವನಿಲ್ಲದೆ ದೇಹವೂ ಆಗುವುದಿಲ್ಲ.

ಇದಕ್ಕೆ ಹೋಲಿಕೆಯನ್ನು ಈ ಸೀಮೆಯವರು ದೂರ ಹುಡುಕಬೇಕಾದುದಿಲ್ಲ. ಹಣ್ಣಾದ ರೇಷ್ಮೆಹುಳುವು ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತದಷ್ಟೆ. ಒಳಗೆ ಹುಳುವು ಕೋಶವಾಗಿ, ಕೋಶವು ಪತಂಗವಾದಾಗ, ಬಾಯಿಂದ ಒಂದು ರಸವನ್ನು ಬಿಟ್ಟು ಗೂಡಿನ ಅಂಟನ್ನು ಕರಗಿಸಿ ದಾರಿಮಾಡಿಕೊಂಡು ಹೊರಗೆ ಬರುತ್ತದೆ. ಆ ರಸದಲ್ಲಿರುವುದೂ ಪ್ರೋಟೀನನ್ನು ಒಡೆಯುವ ಕಿಣ್ವವೇ. ತೂತು ಬಿದ್ದ ಗೂಡಿನಿಂದ ನೂಲನ್ನು ಉದ್ದಕ್ಕೆ ಬಿಚ್ಚಲಾಗದು. ಆದುದರಿಂದ ನೂಲು ಬಿಚ್ಚುವವನು ಪತಂಗವು ಹುಟ್ಟುವುದಕ್ಕೆ ಮುಂಚೆಯೇ ಗೂಡನ್ನು ಹಬೆಗೆ ಕೊಡುತ್ತಾನೆ. ಅದೇ ಊರಿನ ಬಿತ್ತನೆ ಕೋಠಿಯಲ್ಲಾದರೋ ಪತಂಗವು ಗೂಡನ್ನು ಒಡೆದುಕೊಂಡು ಬರಲೆಂದು ಕಾದಿರುತ್ತಾರೆ. ಅದು ಬಾರದಿದ್ದರೆ ಮೊಟ್ಟೆಯಿಲ್ಲ, ಮೊಟ್ಟೆಯಿಲ್ಲದಿದ್ದರೆ ಮುಂದಿನ ಬೆಳೆಯಿಲ್ಲ. ಒಂದೇ ರಸವು ಒಂದು ಮನೆಯಲ್ಲಿ ನಷ್ಟ, ಇನ್ನೊಂದು ಮನೆಯಲ್ಲಿ ಸಂತಾನ. ದೋಷವು ರಸದಲ್ಲಿದ್ದಿದ್ದರೆ ಎರಡು ಕಡೆಯಲ್ಲಿಯೂ ದೋಷವೇ ಆಗಬೇಕಾಗಿತ್ತು.

ರಾಮನಗರದ ರಾಮದೇವರ ಬೆಟ್ಟವು ಇನ್ನೊಂದು ಪಾಠವನ್ನು ಹೇಳುತ್ತದೆ. 2012ರಲ್ಲಿ ಅದನ್ನು ರಣಹದ್ದುಗಳ ಧಾಮವೆಂದು ಸರ್ಕಾರವು ಘೋಷಿಸಿತು. ಹೆಣವನ್ನು ತಿನ್ನುವ ಹಕ್ಕಿಯೆಂದು ಜನರು ಅಸಹ್ಯಪಡುತ್ತಿದ್ದ ಪಕ್ಷಿಗೆ ಧಾಮವೇಕೆ ಬೇಕಾಯಿತು? ಭಾರತದಲ್ಲಿ ಅವುಗಳ ಸಂತತಿಯು ಕೆಲವೇ ವರ್ಷಗಳಲ್ಲಿ ನೆಲಕಚ್ಚಿದುದರಿಂದ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡವನ್ನು ಕೆಡಿಸುತ್ತದೆಂಬುದು 2004ರಲ್ಲಿ ಸಿದ್ಧವಾಯಿತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡಕೂಡದೆಂದು ನಿಷೇಧವಾಯಿತು. ಮನುಷ್ಯರ ಕೀಲುನೋವಿಗೆ ಕೊಡುವ ಔಷಧವೂ ಅದೇ ಎಂಬುದು ಗಮನಿಸತಕ್ಕ ಸಂಗತಿ. ಒಂದು ನೋವನ್ನು ಶಮನಮಾಡಹೋಗಿ, ಲೋಕದ ಕಶ್ಮಲವನ್ನು ಕಳೆಯತಕ್ಕ ಜೀವಿಯನ್ನು ಅರಿಯದೆ ಕಳೆದುಕೊಂಡಂತಾಯಿತು. ಕರಗಿಸುವವರನ್ನೂ ತಿಂದು ತೀರಿಸುವವರನ್ನೂ ಕೇವಲ ದುಷ್ಟರೆಂದೆಣಿಸುವ ಬುದ್ಧಿಯು ಪೂರ್ಣವಾದುದಲ್ಲ.

ಹಾಗಾದರೆ ದೋಷವಿರುವುದೆಲ್ಲಿ? ಮಾತ್ರೆಯಲ್ಲಿ ಎಂಬುದು ಉತ್ತರ. ಆರೋಗ್ಯವಾದ ಕೀಲಿನಲ್ಲಿ ಈ ಕತ್ತಿಗೆ ಎರಡು ಕಾವಲುಗಳಿವೆ. ಟಿಂಪ್-3 ಎಂಬ ಇನ್ನೊಂದು ಪ್ರೋಟೀನು ಅದನ್ನು ಹಿಡಿದು ಕಟ್ಟಿಹಾಕುತ್ತದೆ. ಅಲ್ಲದೆ ಮೃದ್ವಸ್ಥಿಯ ಜೀವಕೋಶವು ತಾನು ಹೊರಗೆ ಬಿಟ್ಟ ಕಿಣ್ವವನ್ನು ತಾನೇ ಮರಳಿ ಒಳಕ್ಕೆಳೆದು ಜೀರ್ಣಿಸಿಕೊಳ್ಳುತ್ತದೆ. ಸವೆತದ ರೋಗದಲ್ಲಿ ಹೀಗೆ ಹಿಂದಕ್ಕೆ ಎಳೆದುಕೊಳ್ಳುವ ಶಕ್ತಿಯು ಕುಂದುತ್ತದೆಂದು ಕಂಡುಬಂದಿದೆ. ಬಿಟ್ಟ ಬಾಣವನ್ನು ಹಿಂದಕ್ಕೆ ಕರೆಯಬಲ್ಲವನೇ ಅಸ್ತ್ರವಿದ್ಯೆಯನ್ನು ಪೂರ್ತಿಯಾಗಿ ಬಲ್ಲವನೆಂದು ಭಾರತದ ಕಥೆಯನ್ನು ಕೇಳಿದವರೆಲ್ಲರೂ ಅರಿತಿರುತ್ತಾರೆ. ಅಶ್ವತ್ಥಾಮನ ಅಪರಾಧವಿದ್ದುದು ಅಸ್ತ್ರವು ಅವನಲ್ಲಿದ್ದುದರಿಂದಲ್ಲ. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾರದವನು ಬಿಟ್ಟುದರಿಂದ.

ಇನ್ನು ಕರ್ಮದ ಮಾತು. ಕೀಲಿನ ಸವೆತವು ಪೂರ್ವಜನ್ಮದ ಪಾಪದ ಫಲವೆನ್ನುವವರು ಮೊದಲು ಗಮನಿಸಬೇಕಾದುದೇನೆಂದರೆ, ಅಡಮ್‌ಟಿಎಸ್-5ರ ಜೀನು ಪಾಪಿಗಳಲ್ಲಿ ಮಾತ್ರ ಇರತಕ್ಕದ್ದಲ್ಲ. ಸಂತನಲ್ಲಿಯೂ ಕಳ್ಳನಲ್ಲಿಯೂ, ನೆಟ್ಟಗೆ ನಡೆಯುವವನಲ್ಲಿಯೂ ಕುಂಟುವವನಲ್ಲಿಯೂ ಅದು ಇದೆ. ಅದರ ಬಲದಿಂದಲೇ ಎಲ್ಲರ ಕೈಗಳೂ ಕೈಗಳಾಗಿವೆ. ಇದು ಪಾಪದ ಗುರುತಾಗಲಾರದು.

ಎರಡನೆಯದಾಗಿ, ಶಾಸ್ತ್ರವನ್ನೇ ಹಿಡಿದು ಹೇಳುವುದಾದರೂ, ದೃಷ್ಟಕಾರಣವು ಸಾಕಾಗುವ ಕಡೆಯಲ್ಲಿ ಅದೃಷ್ಟವನ್ನು ಕಲ್ಪಿಸುವುದು ಅನ್ಯಾಯವೆಂಬುದು ಮೀಮಾಂಸಕರಿಗೆ ಒಪ್ಪಿಗೆಯಾದ ನಿಯಮ. ಹೊತ್ತ ಹೊರೆ, ಹಳೆಯ ಪೆಟ್ಟು, ದೇಹದ ತೂಕ, ವಯಸ್ಸು, ವಂಶ, ಗಂಟೆಗಟ್ಟಲೆ ಕುಕ್ಕುರುಗಾಲಿನಲ್ಲಿ ಕುಳಿತ ಕಸಬು, ಇಷ್ಟು ಕಾರಣಗಳು ಕಣ್ಣೆದುರಿಗಿರುವಾಗ ಕಾಣದ ಜನ್ಮಕ್ಕೆ ಹೋಗುವುದು ಆ ನಿಯಮಕ್ಕೆ ವಿರುದ್ಧ. ಚರಕನೂ ವಿಮಾನಸ್ಥಾನದಲ್ಲಿ ಆಯುಸ್ಸು ನಿಯತವೋ ಅನಿಯತವೋ ಎಂದು ವಿಚಾರಿಸಿ, ಎಲ್ಲವೂ ಮೊದಲೇ ನಿಯತವಾಗಿದ್ದರೆ ಔಷಧಪಥ್ಯಗಳೆಲ್ಲ ವ್ಯರ್ಥವಾಗಬೇಕಾಗುವುದೆಂದು ತೋರಿಸಿದ್ದಾನೆ. ದೈವವನ್ನು ಒಪ್ಪಿದ ಆಚಾರ್ಯನೇ ಪುರುಷಕಾರಕ್ಕೆ ಜಾಗವನ್ನು ಬಿಟ್ಟಿರುವನು.

ಮೂರನೆಯದಾದ ಆಕ್ಷೇಪವು ಇವೆರಡಕ್ಕಿಂತಲೂ ಬಲವಾದುದು. ಕರ್ಮಸಿದ್ಧಾಂತವು ಹುಟ್ಟಿದುದು ಪ್ರತಿಯೊಬ್ಬನೂ ತನ್ನ ನಡತೆಯನ್ನು ತಾನು ತೂಗಿನೋಡಿಕೊಳ್ಳಲೆಂದು. ನೆರೆಯವನ ನೋವಿಗೆ ತೀರ್ಪು ಬರೆಯಲೆಂದಲ್ಲ. ನೊಂದವನು ತಾನೇ "ಇದು ನನ್ನ ಪ್ರಾರಬ್ಧ" ಎಂದುಕೊಂಡು ಧೈರ್ಯ ತಂದುಕೊಂಡರೆ ಆ ಸಮಾಧಾನವನ್ನು ಅವನಿಂದ ಕಿತ್ತುಕೊಳ್ಳುವ ಅಧಿಕಾರವು ಯಾರಿಗೂ ಇಲ್ಲ. ಅದೇ ಮಾತನ್ನು ಪಕ್ಕದವನು ಆಡಿದರೆ ಅರ್ಥವೇ ಬೇರೆಯಾಗುವುದು. ನೊಂದವನ ನೋವು ಹಿಂದಿನ ಕರ್ಮದ ಫಲವೇ ಆಗಲಿ ಎಂದು ಒಪ್ಪಿಕೊಂಡರೂ, ಅದನ್ನು ಕಂಡು ಸುಮ್ಮನಿರುವವನ ಔದಾಸೀನ್ಯವು ಈ ದಿನ ಅವನು ಹೊಸದಾಗಿ ಮಾಡುತ್ತಿರುವ ಕರ್ಮವಷ್ಟೆ. ಒಬ್ಬನ ಪ್ರಾರಬ್ಧವನ್ನು ತೋರಿಸಿ ಮತ್ತೊಬ್ಬನು ತನ್ನ ಆಗಾಮಿಯಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಈ ವಿಚಾರವು ತರ್ಕಕ್ಕೆ ಮಾತ್ರ ನಿಲ್ಲತಕ್ಕದ್ದಲ್ಲವೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಒಂದು ನಿದರ್ಶನವುಂಟು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಗ್ರಾಮದಲ್ಲಿ 1974-75ರ ಸುಮಾರಿಗೆ ವಿಚಿತ್ರವಾದ ಕೀಲುರೋಗವೊಂದು ಬೆಳಕಿಗೆ ಬಂದಿತು. ಸೊಂಟದ ಕೀಲೂ ಮೊಣಕಾಲೂ ನೋಯುವುವು, ನಡಿಗೆಯು ಕೆಡುವುದು, ಕೆಲವರಲ್ಲಿ ಮೈ ಬೆಳೆಯದೆ ಕುಬ್ಜತೆಯುಂಟಾಗುವುದು. ರೋಗಕ್ಕೆ ತುತ್ತಾದವರು ಗದ್ದೆಯಲ್ಲಿ ಕೂಲಿಮಾಡಿ ಬದುಕುವ ದಲಿತ ಕುಟುಂಬಗಳವರು. ಹೈದರಾಬಾದಿನ ರಾಷ್ಟ್ರೀಯ ಪೋಷಣಸಂಸ್ಥೆಯ ವಿದ್ವಾಂಸರು 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿರೋಗವೆಂದು ವರ್ಣಿಸಿದರು. ಇದು ಅಡಮ್‌ಟಿಎಸ್-5ರ ಕಥೆಯಲ್ಲ. ಅದು ಬೆಳೆದುನಿಂತ ಕೀಲಿನ ಸವೆತಕ್ಕೆ ಸಂಬಂಧಪಟ್ಟುದು, ಇದು ಎಲುಬುಕೀಲುಗಳ ಬೆಳವಣಿಗೆಯಲ್ಲಿಯೇ ಆದ ವಿಕೃತಿ. ಆದರೆ ನೀತಿಯ ಪ್ರಶ್ನೆಯು ಎರಡರಲ್ಲಿಯೂ ಒಂದೇ.

ಮೊದಮೊದಲು ಸಂಶಯವು ಆ ಜನರ ಊಟದ ಮೇಲೆ ಹೋಯಿತು. ಕೀಟನಾಶಕ ಹೊಡೆದ ಗದ್ದೆಗಳಲ್ಲಿ ಏಡಿಯನ್ನೂ ಮೀನನ್ನೂ ಹಿಡಿದು ತಿಂದುದರಿಂದ ವಿಷವೇರಿತೋ ಎಂದು ಶಂಕಿಸಿದರು. ಶಂಕೆಪಟ್ಟುದು ತಪ್ಪಲ್ಲ, ಶೋಧನೆಯು ಶಂಕೆಯಿಂದಲೇ ಆರಂಭವಾಗತಕ್ಕದ್ದು. ಆದರೆ ಕೂಲಿಯ ಕಾಳು ಸಾಲದೆ ಗದ್ದೆಯ ಏಡಿಯಿಂದ ಹೊಟ್ಟೆ ತುಂಬಿಸಿಕೊಂಡವನ ಊಟವು ಒಂದು ವೇಳೆ ವಿಷವೇ ಆಗಿದ್ದರೂ, ತಪ್ಪು ತಿಂದವನದೋ, ವಿಷ ಸುರಿದವನದೋ, ಕೂಲಿಯನ್ನು ಅಷ್ಟಕ್ಕೆ ನಿಲ್ಲಿಸಿದವನದೋ ಎಂಬ ಪ್ರಶ್ನೆಯು ಉಳಿದೇ ಇರುತ್ತಿತ್ತು. ಮುಂದೆ ವಂಶಾವಳಿಗಳನ್ನು ಬರೆದು ಪರೀಕ್ಷಿಸಿದವರಿಗೆ ಇದು ಅನುವಂಶವಾಗಿ ಇಳಿದುಬರುವ ರೋಗವೆಂದು ಗೊತ್ತಾಯಿತು. ತಂದೆತಾಯಿಗಳಲ್ಲಿ ಒಬ್ಬರಲ್ಲಿ ದೋಷವಿದ್ದರೂ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವವು ಅರ್ಧ. ನಾಣ್ಯವನ್ನು ಮೇಲಕ್ಕೆ ಚಿಮ್ಮಿದಂತೆ. ಒಂದೇ ತಾಯಿಯ ಮಡಿಲಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬನು ಓಡುತ್ತಾನೆ, ಮತ್ತೊಬ್ಬನು ಕೋಲನ್ನು ಹಿಡಿಯುತ್ತಾನೆ. ಇವರಲ್ಲಿ ಯಾರು ಹೆಚ್ಚು ಪುಣ್ಯವಂತರೆಂದು ಕೇಳುವುದು ನಾಣ್ಯದ ಯಾವ ಮಗ್ಗುಲು ಧರ್ಮಿಷ್ಠವೆಂದು ಕೇಳಿದಂತೆ.

ಇಲ್ಲಿ ವಿದ್ಯಾವಂತರು ಎಚ್ಚರದಿಂದಿರಬೇಕು. ಪಾಪವೆಂಬ ಹಳೆಯ ಮಾತನ್ನು ಬಿಟ್ಟ ಜನರು ಜೀನೆಂಬ ಹೊಸ ಮಾತಿನಿಂದ ಅದೇ ಕೆಲಸವನ್ನು ಮಾಡಿಸಿಕೊಳ್ಳಬಲ್ಲರು. "ಅವರ ರಕ್ತದಲ್ಲೇ ಇದೆ" ಎಂದರೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ, ಕೆಲಸಕ್ಕೆ ಕರೆಯುವುದಿಲ್ಲ, ಹೇಗೂ ಉಪಾಯವಿಲ್ಲವೆಂದು ಚಿಕಿತ್ಸೆಗೂ ವೆಚ್ಚಮಾಡುವುದಿಲ್ಲ. ಅನುವಂಶವನ್ನು ತಿಳಿದುಕೊಳ್ಳುವುದು ಸಂಸಾರ ಹೂಡುವವರಿಗೆ ತಿಳಿವಳಿಕೆ ಹೇಳುವುದಕ್ಕೂ ಎಳೆಯ ವಯಸ್ಸಿನಲ್ಲಿಯೇ ವೈದ್ಯರನ್ನು ಕಾಣುವುದಕ್ಕೂ ಒದಗಬೇಕೇ ಹೊರತು, ಒಂದು ಕುಲದ ಮೇಲೆ ಮುದ್ರೆಯೊತ್ತುವುದಕ್ಕಲ್ಲ. 2016ರ ಅಂಗವಿಕಲರ ಹಕ್ಕುಗಳ ಶಾಸನವು ಕುಬ್ಜತೆಯನ್ನೂ ಚಲನೆಯ ಅಂಗವೈಕಲ್ಯವನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡು, ಅವರಿಗೆ ಸಲ್ಲತಕ್ಕದ್ದು ಹಕ್ಕೆಂದು ಹೇಳಿದೆ, ಭಿಕ್ಷೆಯೆಂದಲ್ಲ. ಆ ಮಾತು ಶಾಸನದ ಪುಸ್ತಕದಿಂದ ಮನೆಗಳ ಅಂಗಳಕ್ಕೆ ಇಳಿದುಬರುವುದು ವಿದ್ಯಾವಂತರ ಕೈಯಲ್ಲಿದೆ.

ಸಾಮಾನ್ಯವಾದ ಮೊಣಕಾಲಿನ ಸವೆತದ ವಿಷಯದಲ್ಲಿಯೂ ಕೈಲಾಗುವುದು ಕಡಿಮೆಯಿಲ್ಲ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಮೈಯ ತೂಕವನ್ನು ಇಳಿಸುವುದು, ನೆಲದ ಮೇಲೆ ಕುಕ್ಕುರಿಸುವ ಕೆಲಸಕ್ಕೆ ಮಣೆಯನ್ನೋ ಎತ್ತರದ ಪೀಠವನ್ನೋ ಒದಗಿಸುವುದು, ನಡುನಡುವೆ ಎದ್ದು ಕಾಲು ಚಾಚಲು ಬಿಡುವು ಕೊಡುವುದು, ಇವುಗಳಲ್ಲಿ ಯಾವುದಕ್ಕೂ ಜೀನಿನ ಅಪ್ಪಣೆ ಬೇಕಾಗಿಲ್ಲ. ಬೊಂಬೆ ಕಡೆಯುವವನು ಕುಳಿತುಕೊಳ್ಳುವ ಪೀಠದ ಎತ್ತರವು ಯಾರ ಪೂರ್ವಜನ್ಮದಲ್ಲಿಯೂ ಬರೆದಿರುವುದಿಲ್ಲ. ಅದನ್ನು ನಿಶ್ಚಯಿಸುವವನು ಕೆಲಸ ಕೊಡುವ ಯಜಮಾನ. ಕಳೆ ಕೀಳುವವಳಿಗೆ ಬಿಡುವು ಎಷ್ಟೆಂಬುದನ್ನು ಹೊಲದ ಒಡೆಯನು ಗೊತ್ತುಮಾಡುತ್ತಾನೆ. ನೀರಿನ ಕೊಡವನ್ನು ಸೊಸೆಯೊಬ್ಬಳೇ ಹೊರಬೇಕೋ ಮನೆಯ ಗಂಡಸರೂ ಹೊರಬೇಕೋ ಎಂಬುದನ್ನು ಆ ಮನೆಯವರೇ ತೀರ್ಮಾನಿಸುತ್ತಾರೆ. ಸವೆತದಲ್ಲಿ ಕಿಣ್ವದ ಪಾಲೆಷ್ಟು, ಹೊರೆಯ ಪಾಲೆಷ್ಟು ಎಂದು ಪ್ರತಿಯೊಂದು ಮೊಣಕಾಲಿಗೂ ಲೆಕ್ಕ ಹಾಕಲಾಗದು. ಆದರೆ ಹೊರೆಯ ಪಾಲು ಮಾತ್ರ ಮನುಷ್ಯರ ಕೈಗೆ ಸಿಕ್ಕುವಂತಹುದು.

ಹೀಗೆ ನೋಡಿದರೆ ಕಾಲವೂ ಬೀಜವೂ ಸುಳ್ಳಲ್ಲ. ಕೀಲುಗಳು ಸವೆಯುವುವು, ಕಟ್ಟುವ ದೇಹದಲ್ಲಿಯೇ ಬಿಚ್ಚುವ ಕಿಣ್ವವೂ ಇರುವುದು, ಎಷ್ಟು ಬಲ್ಲ ವೈದ್ಯನಾದರೂ ಮುಪ್ಪನ್ನು ನಿಲ್ಲಿಸಲಾರನು. ಅಷ್ಟರಮಟ್ಟಿಗೆ ಯಾರ ಮೇಲೂ ಅಪವಾದವಿಲ್ಲ. ಅಪವಾದವು ಹುಟ್ಟುವುದು ಅಲ್ಲಿಂದ ಮುಂದೆ. ಕಾರಣವನ್ನು ತಿಳಿಯುವುದು ನೊಂದವನನ್ನು ದೂರುವುದಕ್ಕಲ್ಲ, ಅವನ ಹೊರೆಯಲ್ಲಿ ತನ್ನ ಕೈಗೆ ನಿಲುಕುವಷ್ಟನ್ನು ಇಳಿಸುವುದಕ್ಕೆ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿರುವವರನ್ನು ಕಂಡಾಗ ಇದು ಯಾವ ಜನ್ಮದ್ದೆಂದು ವಿಚಾರಿಸುವುದಕ್ಕೆ ಮುಂಚೆ ಕೈ ನೀಡುವುದು ಧರ್ಮ. ಆ ಕೈಯ ಬೆರಳುಗಳು ಬಿಡಿಬಿಡಿಯಾಗಿರುವುದೂ ಆ ಕಿಣ್ವದ ಕುಲದವರಿಂದಲೇ ಎಂಬುದನ್ನು ಅರಿತವರಿಗೆ, ನೊಂದವರಿಗೂ ತಮಗೂ ಇರುವ ಅಂತರವು ಬಹಳ ಸ್ವಲ್ಪವೆಂಬುದು ತಿಳಿಯದೆ ಇರದು.